ಬೆಂಕಿಕಡ್ಡಿಯ ತಲೆಯಷ್ಟು

ಅಕ್ಟೋಬರಿನಲ್ಲಿ ಬಂದ ಇಡ್ವಾಲ್, ಟೋಪಿ ಕೈಯಲ್ಲಿ ಹಿಡಿದು.
ಮೇಲಿನ ಇಳಿಜಾರಲ್ಲಿ ಒಂದು ಹಾಥಾರ್ನ್ ಇದೆಯಲ್ಲ,
ಮೊಣಕಾಲೆತ್ತರದ್ದು, ಕುರಿ ಮೇದು ಮೇದು ಮೊಂಡಾದದ್ದು,
ಬೋನ್ಸಾಯ್‌ಗೆ ಬೇಕಿತ್ತು, ಅಂದ.
ಮುಳ್ಳುಗಿಡ ತಾನೆ, ಈಗಲೇ ಒಯ್ಯಿ,
ಸಲಿಕೆ ಕೊಟ್ಟಿಗೆಯಲ್ಲಿದೆ, ಅಂದೆ.
ಇಲ್ಲ ಮೆರೆರಿಡ್,
ಈಗ ಬಂದದ್ದು ಕೇಳೋಕೆ, ಕೀಳೋಕಲ್ಲ.

ವೇಲ್ಸಿನ ಈ ಬೆಟ್ಟದಲ್ಲಿ ಗಾಳಿಗೂ ಆತುರ.
ಗಣಿಯಲ್ಲಿ ನಲವತ್ತು ವರ್ಷ ಸ್ಲೇಟು ಸೀಳಿದವನಿಗೆ ಮಾತ್ರ
ಇಲ್ಲ.
ನವೆಂಬರಿನಲ್ಲಿ ಬಂದು ಬುಡದ ಹುಲ್ಲು ಸರಿಸಿ
ಬೇರು ಎತ್ತ ಹೊರಟಿದೆಯೆಂದು ಬೆರಳಿಟ್ಟು ನೋಡಿದ.
ನಡುಬೆರಳಿಲ್ಲ ಅವನಿಗೆ, ಗಣಿ ತಿಂದಿದೆ.
ಎಂಬತ್ತು ವರ್ಷವಾದರೂ ಇರಬೇಕು ಇದಕ್ಕೆ;
ಹೀಗೆ ತಿದ್ದಿದವರು ಯಾರು ಗೊತ್ತೆ?
ನಿನ್ನಜ್ಜನ ಕುರಿ, ನಿನ್ನಪ್ಪನ ಕುರಿ, ನಿನ್ನ ಕುರಿ.
ಮೂರು ತಲೆಮಾರಿನ ಹಲ್ಲು.
ನನ್ನ ಕತ್ತರಿಗೆ ಅಷ್ಟು ಬುದ್ಧಿಯಿಲ್ಲ.

ಚಳಿ ಹಿಂದೆಗೆದಾಗ ಅರ್ಧ ಸುತ್ತು ಮಾತ್ರ ಅಗೆದ.
ಕೈಗರಗಸದಲ್ಲಿ ದಪ್ಪ ಬೇರು ಎರಡು ಕೊಯ್ದು,
ಹೊಳೆಮರಳು, ಪಾಚಿ ತುಂಬಿ,
ತೆಗೆದ ಮಣ್ಣನ್ನೇ ಮೇಲೆ ಮುಚ್ಚಿ, ತಟ್ಟಿ,
ಹೊರಟೇಬಿಟ್ಟ.
ಇನ್ನರ್ಧ?
ಬರುವ ವರ್ಷ. ಈ ಕಡೆ ಎಳೆಬೇರು ಒಡೆಯಲಿ ಮೊದಲು.

ಚಹಾ ಕುಡಿಯುತ್ತ ಹೇಳಿದ:
ಬೇಸಿಗೆಯಲ್ಲಿ ಕಿತ್ತರೆ ಎಲೆ ನೀರು ಕೇಳುತ್ತದೆ, ಕೊಡಲು ಬೇರಿಲ್ಲ.
ನಡುಚಳಿಯಲ್ಲಿ ಕಿತ್ತರೆ ಕೊಯ್ದ ಬೇರು ನಿದ್ದೆಯಲ್ಲೇ ಕೊಳೆಯುತ್ತದೆ.
ಮೊಗ್ಗು ಗುಂಡುಸೂಜಿಯ ತಲೆಯಷ್ಟಿದ್ದರೆ ಕಾಯಿ.
ಬೆಂಕಿಕಡ್ಡಿಯ ತಲೆಯಷ್ಟು ಊದಿ ಕೆಂಪಾದಾಗ,
ಆಗ.
ಒಂದೇ ಒಂದು ಎಲೆ ಬಿಚ್ಚಿದರೂ ಸಲಿಕೆ ಮನೆಗೆ.
ಎಷ್ಟು ದಿನ ಸಿಗುತ್ತದೆ?
ಹತ್ತು. ಕೆಲವು ವರ್ಷ ನಾಲ್ಕು.

ನಾನು ನಗಲಿಲ್ಲ.
ಮರಿ ಹಾಕುವ ಇರುಳು ಕುರಿಯೊಳಗೆ
ಮೊಣಕೈವರೆಗೆ ಕೈಯಿಟ್ಟು ಕೂತವಳು ನಾನು;
ಎಳೆಯುವ ಗಳಿಗೆ ಮುಂಚೆಯಾದರೂ ಸಾವು, ತಡವಾದರೂ ಸಾವು,
ತೋಳಿಗೆ ಗೊತ್ತು.

ಆದರೆ ಅಲ್ಲಿಂದಾಚೆಗೆ ಒಂದು ತಪ್ಪು ಮಾಡಿದೆ:
ಆ ಗಿಡವನ್ನು ನೋಡತೊಡಗಿದೆ.
ಹುಲ್ಲು ಹಾಕಲು ಹೋದಾಗೆಲ್ಲ ಅಲ್ಲೊಂದಿಷ್ಟು ಹೊತ್ತು ನಿಲ್ಲುವುದು,
ನನ್ನದೇ ಕುರಿಗಳನ್ನು ಕೋಲು ಬೀಸಿ ದೂರ ಅಟ್ಟುವುದು.
ಅದಕ್ಕೋ, ಬೇರು ಕೊಯ್ದ ಸಿಟ್ಟಿಗೋ,
ಮೇ ತಿಂಗಳಲ್ಲಿ ಹನ್ನೊಂದು ಹೂ ಬಿಟ್ಟಿತು.
ಎಣಿಸಿದ್ದೇನೆ.
ಈ ಹೂ ಮನೆಯೊಳಗೆ ತರಬಾರದು ಎನ್ನುತ್ತಿದ್ದಳು ಅಮ್ಮ.
ತರಲಿಲ್ಲ. ಹೊರಗೇ ಕತ್ತಲಾಯಿತು.

ಮರುವರ್ಷ ಮಾರ್ಚಿಯಲ್ಲಿ ಗಾಲಿಗಾಡಿ ತಳ್ಳಿಕೊಂಡು ಬಂದ,
ಗೋಣಿ, ಗರಗಸ, ಹಸಿ ಪಾಚಿ ಹೇರಿಕೊಂಡು.
ಕಣ್ಣಿಗೆ ಪೊರೆ ಬಂದಿತ್ತು.
ನೀನೇ ನೋಡಿ ಹೇಳು, ಹೇಗಿದೆ ಮೊಗ್ಗು?

ಬಗ್ಗಿದೆ.
ಕೆಂಪು. ದುಂಡಗೆ. ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಕಡ್ಡಿ,
ಗೀರುವುದೊಂದೇ ಬಾಕಿ.

ಬಿಚ್ಚಿದೆ, ಅಂದೆ. ಎಲೆ ಬಿಚ್ಚಿಬಿಟ್ಟಿದೆ, ಇಡ್ವಾಲ್.

ಅವನು ಮಂಡಿಯೂರಿ, ಕೈಗವಸು ಕಳಚಿ,
ಕಲ್ಲಿನ ಪದರ ಎಲ್ಲಿ ಬಿಡುತ್ತದೆಂದು ಓದುತ್ತಿದ್ದ ಹೆಬ್ಬೆರಳನ್ನು
ಒಂದೊಂದು ಮೊಗ್ಗಿನ ಮೇಲೂ ಆಡಿಸಿದ.
ಒಂದನ್ನೂ ಬಿಡಲಿಲ್ಲ.
ಎದ್ದು, ಗೋಣಿಯನ್ನು ನಾಲ್ಕು ಮಡಿಕೆ ಮಾಡಿ,
ಹೌದು, ಅಂದ, ತಡವಾಯಿತು.
ಅಕ್ಟೋಬರಿನಲ್ಲಿ ಬರುತ್ತೇನೆ
ಕೇಳೋಕೆ.

ಗಾಡಿಯನ್ನು ನಾನೇ ತಳ್ಳಿಕೊಂಡು ಇಳಿದೆ.
ಪಾಚಿಗೇನು ತೂಕ,
ಆದರೂ ಚಕ್ರ ಬಾಗಿಲವರೆಗೂ ಕಿರುಗುಟ್ಟಿತು.